ಬಿಳಿ ಮರಿಯ ಗ್ಯಾರಂಟಿ ಚೀಟಿ

ಲಕ್ಷ್ಮಿಕಾಂತಣ್ಣ ಮಾರುವ ಪ್ರತಿ ನಾಯಿಮರಿಯ ಜೊತೆ ಒಂದು ಚೀಟಿ ಹೋಗುತ್ತದೆ. ಬರೆಯುವವಳು ನಾನು. ಆದೋನಿಯಲ್ಲಿ ಹತ್ತಿ ಮಿಲ್ಲುಗಳ ಹಿಂದಿರುವ ಅವನ ಶೆಡ್ಡಿನಲ್ಲಿ ಮರಿಗಳಿಗೆ ಗಂಜಿ ಹಾಕುವುದು, ಕಸ ಬಳಿಯುವುದು ನನ್ನ ಕೆಲಸ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಅಕ್ಷರಗಳು ದುಂಡಗಿವೆ ಎಂದು ಚೀಟಿಯೂ ನನ್ನ ಪಾಲಿಗೆ ಬಂತು. "ಕಣ್ಣು, ಕಿವಿ, ಕಾಲು ಸರಿ ಇವೆ. ಏಳು ದಿನದೊಳಗೆ ರಕ್ತಭೇದಿಯಾದರೆ ಬೇರೆ ಮರಿ ಕೊಡುತ್ತೇವೆ." ಎಲ್ಲ ಚೀಟಿಯಲ್ಲೂ ಇಷ್ಟೇ.

ಆ ಸಲದ ಐದು ಮರಿಗಳಲ್ಲಿ ಒಂದು ಪೂರಾ ಬಿಳಿ. ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿದರೆ ಐದೂ ಓಡಿ ಬರುತ್ತಿದ್ದವು. ಬಿಳಿಯದು ಯಾವಾಗಲೂ ಕೊನೆಗೆ. ಉಳಿದ ನಾಲ್ಕು ಮಾರಿಹೋದ ಮರುದಿನ ಬೆಳಿಗ್ಗೆ ತಟ್ಟೆ ಬಡಿದೆ. ಬಿಳಿ ಮರಿ ನನಗೆ ಬೆನ್ನು ಹಾಕಿ ಕೂತಿತ್ತು. ಮತ್ತೆ ಬಡಿದೆ. ಕೂತೇ ಇತ್ತು. ಹತ್ತಿರ ಹೋದೆ. ನನ್ನ ನೆರಳು ಮುಂದೆ ಬಿದ್ದಿದ್ದೇ ತಡ, ಬೆಚ್ಚಿ ತಿರುಗಿ ಸೀರೆಯ ಅಂಚು ಕಚ್ಚಿತು.

"ಅಣ್ಣಾ, ಇದಕ್ಕ ಕಿವಿ ಕೇಳ್ತಾವೋ ಇಲ್ಲೋ ನೋಡ್ರಿ."

"ಮೊನ್ನಿ ತನಕ ಎಲ್ಲಾ ಕೂಡಿ ಓಡಿ ಬರ್ತಿದ್ವು. ಇವತ್ತ ಕಿವುಡಾತೇನು? ನಾಗಜ್ಯೋತಿ ಡಾಕ್ಟರಮ್ಮ ಆಗ್ಯಾಳ ನೋಡು," ಎಂದು ನಕ್ಕ. "ಗಿರಾಕಿ ನಿಂತಾಳ. ಬರಿ, ಬರಿ."

ಗಿರಾಕಿ ನಂದವರಂ ಕಡೆಯ ಕುರಿ ಸಾಕುವ ಗಂಗಕ್ಕ. ಕೈ ಹಿಡಿದು ನಿಂತಿದ್ದವಳು ಮೊಮ್ಮಗಳು ಮೌನಿಕಾ, ಏಳು ವರ್ಷದವಳು. "ಬಿಳೀದ ಇರ್ಲಿ, ಕತ್ತಲಾಗ ಕಾಣ್ತೈತಿ," ಎಂದಳು ಗಂಗಕ್ಕ. "ಬಾಜೂ ಹಟ್ಟ್ಯಾಗ ತೋಳ ಎರಡು ಕುರಿಮರಿ ಎಳಕೊಂಡು ಹೋದ್ವು. ನಮ್ಮ ನಾಯಿ ಕರಿಯಾ ಮುದುಕ ಆಗ್ಯಾನ. ಹೊಲದಾಗ ಮಲಗೋರು ನಾವು."

ನಾನು ತಪ್ಪು ತಿಳಿಯುವುದು ಹೊಸದಲ್ಲ. ಮರಿ ಒಂಟಿಯಾಗಿ ಬೇಜಾರು ಮಾಡಿಕೊಂಡಿರಬಹುದು ಎಂದುಕೊಂಡೆ. "ಕಿವಿ" ಎಂದು ಬರೆಯುವಾಗ ಪೆನ್ನು ನಿಂತಿತು. ಆಮೇಲೆ ಬರೆದೆ.

ಒಂಬತ್ತನೆಯ ದಿನ ತಡೆಯಲಾಗದೆ ಎಮ್ಮಿಗನೂರಿನಲ್ಲಿ ಬಸ್ಸು ಬದಲಿಸಿ ಅವರ ಹೊಲಕ್ಕೆ ಹೋದೆ. ಮುಳ್ಳುಬೇಲಿಯ ಹಟ್ಟಿ, ಪಕ್ಕದಲ್ಲಿ ಒಂದು ಗುಡಿಸಲು. ಗಂಗಕ್ಕ ಮಜ್ಜಿಗೆ ಕೊಟ್ಟಳು.

"ನಿಮ್ಮ ಬಿಳ್ಯಾನ ಎದಿ ಭಾಳ ಗಟ್ಟಿ ಐತಿ ತಾಯಿ. ಮೊನ್ನಿ ಮದಿವಿ ಮೆರವಣಿಗಿ ಹಾದಿ ಹಿಡಿದು ಬಂತು. ಪಟಾಕಿ ಸಿಡಿದ್ರ ಕುರಿ ಎಲ್ಲಾ ಜಿಗಿದಾಡಿದ್ವು. ಇಂವ ಕಣ್ಣು ಸೈತ ಬಿಡ್ಲಿಲ್ಲ."

ಮಜ್ಜಿಗೆಯ ಲೋಟ ಕೆಳಗಿಟ್ಟೆ. "ಅಕ್ಕಾ, ಒಂದು ತಟ್ಟಿ ಕೊಡ್ರಿ," ಎಂದೆ.

ಬಡಿದೆ. ನೆರಳಲ್ಲಿ ಮಲಗಿದ್ದ ಕರಿಯ ತಲೆ ಎತ್ತಿ ಎದ್ದಿತು. ಅದಕ್ಕೆ ಮೈ ಹಚ್ಚಿ ಮಲಗಿದ್ದ ಬಿಳಿ ಮರಿಯೂ ಎದ್ದು ಬಾಲ ಅಲ್ಲಾಡಿಸಿತು.

"ಕಂಡ್ಯಾ? ಎಲ್ಲಾ ಕೇಳ್ತೈತಿ. ನಿನ್ನ ಚೀಟ್ಯಾಗ ಬರದೈತಲ್ಲ. ಮೌನಿಕಾ ಓದಿ ಹೇಳ್ಯಾಳ. ಈರಣ್ಣಸ್ವಾಮಿ ಫೋಟೋ ಹಿಂದ ಇಟ್ಟೀವಿ."

ಮರಿ ನೋಡುತ್ತಿದ್ದದ್ದು ತಟ್ಟೆಯನ್ನಲ್ಲ, ಕರಿಯನ ಮುಖವನ್ನು. ಅದು ನನಗೆ ಕಂಡಿತ್ತು. ಕರಿಯನನ್ನು ದೂರ ಕಟ್ಟಿ ಇನ್ನೊಮ್ಮೆ ಬಡಿಯೋಣ ಎನ್ನಬೇಕಿತ್ತು. ಕರಿಯ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆ.

ಹನ್ನೆರಡು ದಿನ ಕಳೆದು, ಮಧ್ಯಾಹ್ನ ಮೂರರ ಹೊತ್ತಿಗೆ ಗಂಗಕ್ಕನ ಫೋನು.

"ಕರಿಯಾ ಹಾವು ಕಡಿದು ಸತ್ತೋದ ತಾಯಿ. ನಮ್ಮ ಮನಿಯವ್ರು ದೊಡ್ಡ ಕುರಿ ಹಿಂಡು ಹೊಡಕೊಂಡು ಹೊಳಿ ದಾಟ್ಯಾರ. ಹಟ್ಟ್ಯಾಗ ಮರಿ, ಬಾಣಂತಿ ಕುರಿ, ನಾವಿಬ್ರು ಹೆಂಗಸ್ರು. ಇರ್ಲಿ ಬಿಡು, ಬಿಳ್ಯಾ ಅದಾನಲ್ಲ. ನಿನಗೊಂದು ಮಾತು ಹೇಳಿದ್ರ ಮನಸು ಹಗುರ ಆಗ್ತೈತಿ ಅಂತ ಫೋನ್ ಮಾಡ್ದೆ."

"ಅಕ್ಕಾ, ಬಿಳ್ಯಾಗ ಕಿವಿ ಕೇಳಂಗಿಲ್ಲ."



"ಬರದಾಕಿ ನೀನ ಅಲ್ಲೇನು?"

"ಹೌದ್ರಿ."

ಫೋನು ಕಟ್ಟಾಯಿತು. ಸೌಟು ಕೆಳಗಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. "ಗ್ಯಾರಂಟಿ ಏಳು ದಿನ ಅಂತ ನೀನ ಬರದೀಯಲ್ಲ, ಮುಗೀತು. ಎಲ್ಲಿಗೆ ಹೊಂಟಿ?" ಎಂದು ಲಕ್ಷ್ಮಿಕಾಂತಣ್ಣ ಹಿಂದಿನಿಂದ ಕೂಗುತ್ತಿದ್ದ.

ಎಮ್ಮಿಗನೂರಿನಲ್ಲಿ ನಂದವರಂ ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಗಂಗಕ್ಕನಿಗೆ ಫೋನು ಹಚ್ಚಿದೆ. ಮೌನಿಕಾ ಎತ್ತಿದಳು.

"ಅಜ್ಜಿ ಸಣ್ಣಜ್ಜನ್ನ ಕರ್ಯಾಕ ಊರಾಗ ಹೋಗ್ಯಾಳ, ರಾತ್ರಿ ಕಾಯಾಕ ಅಂತ. ಕುರಿ ಬಿಟ್ಟು ಬರಬ್ಯಾಡ ಅಂತ ನನ್ನ ಕುಂದ್ರಿಸ್ಯಾಳ. ಅಕ್ಕಾ, ಈ ಕುರಿ ಎಲ್ಲಾ ಒಂದ ಮೂಲಿಗೆ ಯಾಕ ಒತ್ಗೊಂಡು ನಿಂತಾವ?"

ತೋಳದ ವಾಸನೆ ಹತ್ತಿದರೆ ಕುರಿಗಳು ಹಾಗೆ ಒತ್ತಿಕೊಳ್ಳುತ್ತವೆ. "ಬಿಳ್ಯಾ ಏನ್ ಮಾಡ್ತಾನ?"

"ಬೇಲಿ ಕಡೆ ಮಾರಿ ಮಾಡಿಲ್ಲ. ನನ್ನ ಕಾಲಾಗ ಮಲಗ್ಯಾನ."

"ಅವನ್ನ ಬಿಡು. ತಟ್ಟಿ ತಗೊಂಡು ಗುಡಿಸಲೊಳಗ ಹೋಗು. ಬಾಗಿಲಾ ಹಾಕ್ಕೊ. ಗಟ್ಟಿಯಾಗಿ ಬಡಿ, ಊರಿಗೆ ಕೇಳ್ಬೇಕು. ಫೋನ್ ಇಡಬ್ಯಾಡ."

ತಟ್ಟೆಯ ಸಪ್ಪಳ ಕೇಳಿಸಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಎಡೆಬಿಡದೆ. ಪಕ್ಕದ ಸೀಟಿನವರು ನನ್ನ ಕೈಯಲ್ಲಿನ ಫೋನಿನ ಕಡೆ ತಿರುಗಿ ನೋಡಿದರು.

"ಬಾಗಿಲಾ ಹಾಕಿದ್ಯೇನವ್ವಾ?"

"ಬಿಳ್ಯಾ ಹೊರಗ ಐತಿ," ಎಂದಳು ಹುಡುಗಿ. "ಕರದ್ರ ಬರವಲ್ದು. ಎತ್ತಿಕೊಂಡು ಬರ್ತೀನಿ ತಡಿ."

"ಬ್ಯಾಡ ಮೌನಿಕಾ."

ತಟ್ಟೆಯ ಸಪ್ಪಳ ನಿಂತಿತು, ಬಾಗಿಲು ಕಿರ್ರೆಂದಿತು. ಫೋನು ಕಟ್ಟಾಗಿರಲಿಲ್ಲ. ಕುರಿಗಳು ಒದರುವುದು ಮಾತ್ರ ಕೇಳುತ್ತಿತ್ತು.