ಹೋದ ವರ್ಷದ ಯೂನಿಫಾರ್ಮ್

ಶಾಲೆ ಶುರುವಾಗುವ ವಾರ ನನ್ನ ಹೊಲಿಗೆ ಯಂತ್ರಕ್ಕೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹೊಸದು ಕೊಳ್ಳಲು ಮನಸ್ಸಿಲ್ಲದ ತಾಯಂದಿರು ಹೋದ ವರ್ಷದ್ದನ್ನೇ ಹೊತ್ತು ತರುತ್ತಾರೆ. ಅದಕ್ಕೆಂದೇ ಮಕ್ಕಳ ಸ್ಕರ್ಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿದಿರುತ್ತೇನೆ. ಎರಡು ಬೆರಳು ಬಿಚ್ಚಿದರೆ ಒಂದು ವರ್ಷ ದಾಟಿತು. ಮಕ್ಕಳು ಬೆಳೆಯುತ್ತವೆ ಅನ್ನುವ ನಂಬಿಕೆಯ ಮೇಲೇ ನನ್ನ ಕಸುಬು ನಿಂತಿದೆ.

ಆ ಮಧ್ಯಾಹ್ನ ತಮ್ಮನ ಮಗಳು ಬಂದಳು. ಒಂಬತ್ತು ವರ್ಷ. ಒಂದೇ ಸಮ ಚಟಪಟ ಮಾತಾಡುತ್ತಾಳೆಂದು ನಾವೆಲ್ಲ ಪಟಾಕಿ ಅಂತಲೇ ಕರೆಯುವುದು. ಎರಡು ಬೆರಳು ಬಿಚ್ಚಿ ಸ್ಕರ್ಟ್ ತೊಡಿಸಿದೆ. ಮೊಣಕಾಲು ದಾಟಿ ಜೋತುಬಿತ್ತು. ಮತ್ತೆ ಮಡಚಿದೆ. ಹೋದ ವರ್ಷದ ಸೂಜಿತೂತಿನ ಸಾಲಿಗೇ ಸರಿಯಾಗಿ ಬಂದು ನಿಂತಿತು. ಸೊಂಟದಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ಸಡಿಲ.

"ಸರಿಯಾಗಿ ಊಟ ಮಾಡ್ತೀಯೇನೇ?"

"ಅಪ್ಪ ತೂಕ ಮಾಡಿ ಕೊಡ್ತಾರೆ ಅತ್ತೆ. ಬೇಳೆ ಎರಡೇ ಚಮಚ. ಹಾಲು, ಮೊಟ್ಟೆ, ಮೀನು ಯಾವ್ದೂ ಇಲ್ಲ."

ತಮ್ಮ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹೆಂಡತಿ ಮೂವತ್ತೆರಡಕ್ಕೇ ತೀರಿಹೋದ ಮೇಲೆ, ಗಿರಾಕಿ ಇಲ್ಲದಾಗಲೆಲ್ಲ ಫೋನಿನಲ್ಲಿ ಆಯಸ್ಸಿನ ವಿಷಯವನ್ನೇ ಓದುತ್ತಿದ್ದ. ಮೆಥಿಯೊನಿನ್ ಅಂತ ಒಂದು ಅಮೈನೊ ಆಮ್ಲವಂತೆ, ಮೊಟ್ಟೆ, ಮೀನು, ಮಾಂಸದಲ್ಲಿ ಹೆಚ್ಚಂತೆ. ಅದನ್ನು ಕಡಿಮೆ ತಿನ್ನಿಸಿದ ಇಲಿಗಳು ಹೆಚ್ಚು ಕಾಲ ಬದುಕಿದವಂತೆ. "ನೂರಿಪ್ಪತ್ತು ವರ್ಷ ಬದುಕಿ ಏನ್ ಮಾಡ್ತೀಯೋ? ನಲವತ್ತಕ್ಕೇ ನಿನ್ನ ಕೊರೆತ ತಡೆಯೋಕಾಗ್ತಿಲ್ಲ" ಎಂದು ನಕ್ಕಿದ್ದೆ. ಈ ಪಥ್ಯವೆಲ್ಲ ಅವನೊಬ್ಬನದು ಅಂದುಕೊಂಡಿದ್ದೆ.

ಸಂಜೆ ಮಗಳನ್ನು ಕರೆದೊಯ್ಯಲು ಬಂದವನ ಮುಂದೆ ಸ್ಕರ್ಟ್ ಹಿಡಿದೆ. "ಒಂದು ಬೆರಳೂ ಬೆಳೆದಿಲ್ಲ ಕಣೋ."

ಹೆದರುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು.

"ಆ ಇಲಿಗಳೂ ಚಿಕ್ಕದಾಗೇ ಇದ್ವು ಅಕ್ಕ. ಅಂದ್ರೆ ಕೆಲಸ ಮಾಡ್ತಿದೆ."

"ಇಲಿ ಲೆಕ್ಕ ಇಲಿಗೆ ಇರ್ಲಿ. ಇದು ಬೆಳೆಯೋ ಮಗು! ಡಾಕ್ಟರನ್ನ ಕೇಳಿದ್ಯಾ?"

"ಅವಳ ಅಮ್ಮನಿಗೂ ಏನೂ ಆಗಲ್ಲ ಅಂತ ಡಾಕ್ಟರೇ ಹೇಳಿದ್ರು."

"ನಾಳೆ ಬೆಳಿಗ್ಗೆ ನಾನೇ ಇವಳನ್ನ ತೋರಿಸ್ಕೊಂಡು ಬರ್ತೀನಿ. ಅಡ್ಡ ಬಂದ್ಯೋ, ನೋಡು!" ಎಂದು ಒಳಗೆ ಹೋಗಿ ಎರಡು ಮೊಟ್ಟೆ ಬೇಯಿಸಿದೆ. ಒಂದನ್ನು ಸುಲಿದು ತಟ್ಟೆಯಲ್ಲಿಟ್ಟು ತಂದೆ. ಪಟಾಕಿ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು.

"ತಿನ್ನು ಮರಿ."

"ಎಷ್ಟು ದಿನ ಕಮ್ಮಿಯಾಗುತ್ತೆ ಅತ್ತೆ?"

"ಏನೇ ಕಮ್ಮಿಯಾಗೋದು?"

"ನಾನು ಬದುಕೋದು."

ತಮ್ಮ ಬಾಗಿಲಲ್ಲೇ ನಿಂತಿದ್ದ. ಬಂದು ಅವಳ ಮುಂದೆ ನೆಲದ ಮೇಲೆ ಕುಸಿದು ಕೂತು, ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಅವಳ ಕೈಗಿಟ್ಟ.

"ಏನೂ ಕಮ್ಮಿಯಾಗಲ್ಲಮ್ಮ."

"ನಿಜ್ವಾ ಅಪ್ಪ?"

ಅವನು ಹೌದೆಂದು ತಲೆಯಾಡಿಸಿದ. ಅವನಿಗೇ ನಂಬಿಕೆಯಿಲ್ಲವೆಂದು ಆ ಮಗುವಿಗೂ ಕಾಣುತ್ತಿತ್ತು. ಆದರೂ ಕಚ್ಚಿದಳು. ನುಂಗಿ, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡು, ಬಡಿತ ನಿಲ್ಲುತ್ತದೇನೋ ಎಂದು ಕಾಯುವಂತೆ ಅಲ್ಲಾಡದೆ ಕೂತಳು. ಅಪ್ಪನೂ ಆ ಪುಟ್ಟ ಕೈಯನ್ನೇ ನೋಡುತ್ತ ಕೂತ. ನಾನು ಇನ್ನೊಂದು ಮೊಟ್ಟೆ ಸುಲಿಯತೊಡಗಿದೆ; ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬರುತ್ತಿತ್ತು.