ಬಾಲ ಎತ್ತಿದ ಇಲಿಗಳು

ಪೋರ್ಟ್‌ಲ್ಯಾಂಡಿನ ಬೆಟ್ಟದ ಮೇಲಿನ ಆ ಪ್ರಯೋಗಶಾಲೆಯಲ್ಲಿ ಇಲಿಯ ಆರೋಗ್ಯವನ್ನು ಬಾಲ ನೋಡಿ ಹೇಳುತ್ತಾರೆ. ದೇಹದ ಕಾವಲು ಶಕ್ತಿಯೇ ತಿರುಗಿಬಿದ್ದು ಮಿದುಳು ಊದಿಕೊಂಡಾಗ ಮೊದಲು ಸೋಲುವುದು ಬಾಲ, ಆಮೇಲೆ ಹಿಂಗಾಲು. ಇಲಿಗಳಿಗೆ ಈ ರೋಗವನ್ನು ತಾನೇ ಸೂಜಿ ಚುಚ್ಚಿ ತರಿಸಿ, ಗರ್ಭನಿರೋಧಕ ಮಾತ್ರೆಯಲ್ಲಿರುವ ಕೃತಕ ಈಸ್ಟ್ರೊಜೆನ್ ಕುಡಿಸಿ ತಾನೇ ವಾಸಿಮಾಡಲು ಹೊರಟವಳು ಮಾರಿಟ್. ಅವಳ ಪಿಎಚ್.ಡಿ. ಆ ಬಾಲಗಳಿಗೇ ಜೋತುಬಿದ್ದಿತ್ತು.

ಅರ್ಧ ಇಲಿಗಳಿಗೆ ಎಣ್ಣೆಯಲ್ಲಿ ಕಲಸಿದ ಔಷಧಿ, ಇನ್ನರ್ಧಕ್ಕೆ ಬರೀ ಎಣ್ಣೆ. ಎಣ್ಣೆಯವು ಕಾಲೆಳೆದುಕೊಂಡೇ ನಡೆಯಬೇಕು. ಇಲ್ಲದಿದ್ದರೆ ವಾಸಿಮಾಡಿದ್ದು ಔಷಧಿಯೆಂದು ಯಾರು ನಂಬುತ್ತಾರೆ?

ಸೋಮವಾರ ಬೆಳಿಗ್ಗೆ ಪಂಜರದ ಮುಚ್ಚಳ ತೆಗೆದ ಮಾರಿಟ್ ಗರಬಡಿದಂತೆ ನಿಂತಳು. ಎಲ್ಲ ಇಲಿಗಳೂ ಬಾಲ ಎತ್ತಿಕೊಂಡು ಓಡಾಡುತ್ತಿದ್ದವು. ಎಣ್ಣೆಯವೂ.

“ಲೆನರ್ಡ್, ಬೇಗ ಬನ್ನಿ! ನಾನು ಸತ್ತೆ!”

ಅವಳ ಪ್ರೊಫೆಸರು ಮುಖಗವಸು ಸರಿಮಾಡಿಕೊಳ್ಳುತ್ತ ಬಂದರು. “ಸತ್ತವರು ಇಷ್ಟು ಜೋರಾಗಿ ಕೂಗಲ್ಲ. ಏನಾಯ್ತು?”

“ಎಲ್ಲಾ ವಾಸಿಯಾಗಿಬಿಟ್ಟಿವೆ!”

“ಆಸ್ಪತ್ರೇಲಿ ಹೀಗಂದ್ರೆ ಕೇಕ್ ತರಿಸ್ತಾರೆ, ನೀನು ಅಳ್ತಿದೀಯ,” ಎಂದವರು ಬಗ್ಗಿ ನೋಡಿದರು. ನಗೆ ನಿಂತಿತು. “ಗುರುತಿಗೆ ಕಿವಿ ಕತ್ತರಿಸಿರೋವು ಎಣ್ಣೆಯವಲ್ವಾ? ಎರಡೂ ಗುಂಪನ್ನ ಒಂದೇ ಪಂಜರಕ್ಕೆ ಯಾಕೆ ಹಾಕ್ದೆ?”

“ಪಂಜರ ಬೇರೆ ಮಾಡಿದ್ರೆ ಭೇದ ಮಾಡಿದ್ರಿ ಅಂತ ಪ್ರಬಂಧದಲ್ಲಿ ತಪ್ಪು ಹುಡುಕೋರು ಮೈಮೇಲೆ ಬೀಳ್ತಾರೆ ಅಂದಿದ್ದು ನೀವೇ ಅಲ್ವಾ! ನ್ಯಾಯವಾಗಿರ್ಲಿ ಅಂತ ಹಾಕ್ದೆ.”

ಲೆನರ್ಡ್ ಪಂಜರದ ಮೂಲೆಯತ್ತ ಇನ್ನಷ್ಟು ಬಗ್ಗಿದರು. ಅವರು ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಕಿವಿ ಕತ್ತರಿಸಿದ ಇಲಿಯೊಂದು ಔಷಧಿ ಕುಡಿದ ಗೆಳತಿಯ ಹಿಕ್ಕೆಯನ್ನು ಮುಂಗಾಲುಗಳಲ್ಲಿ ಹಿಡಿದು ಬಿಸ್ಕತ್ತಿನಂತೆ ಕಡಿಯುತ್ತಿತ್ತು. ಇಲಿಗಳು ಹಿಕ್ಕೆ ತಿನ್ನುತ್ತವೆಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿ. ನ್ಯಾಯದ ಸಡಗರದಲ್ಲಿ ಮರೆತಿದ್ದರು.

“ಮೂರು ವರ್ಷದ ಕೆಲಸ,” ಮಾರಿಟ್ ಸ್ಟೂಲಿನ ಮೇಲೆ ಕುಸಿದಳು. “ಹಿಕ್ಕೆ ಪಾಲಾಯ್ತು.”

ಲೆನರ್ಡ್ ಸಮಾಧಾನ ಹೇಳುವ ಪೈಕಿಯವರಲ್ಲ. ಪಂಜರದ ಮುಚ್ಚಳ ಹಾಕಿದರು, ಅಷ್ಟೇ.

ಇದ್ದಕ್ಕಿದ್ದಂತೆ ಅವಳು ತಲೆಯೆತ್ತಿದಳು. “ತಾಳಿ. ಹಿಕ್ಕೇಲಿ ಔಷಧಿ ಎಷ್ಟು ಉಳಿದಿರುತ್ತೆ?”

“ಎಲ್ಲೋ ಒಂಚೂರು.”

“ಆ ಒಂಚೂರಿಗೇ ಎದ್ದು ಓಡ್ತಿದಾವೆ ಅಂದ್ರೆ...”

ಲೆನರ್ಡ್ ಮತ್ತೆ ಪಂಜರದತ್ತ ತಿರುಗಿದರು. ಔಷಧಿ ಜಾಸ್ತಿಯಾದರೆ ಗರ್ಭಕೋಶ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದವರು ಅವರೇ.

“ನಿಜವಾಗಿದ್ರೆ, ಒಂಚೂರು ಸಾಕಾಗೋ ಕಡೆ ಇಷ್ಟು ದಿನ ಬಕೆಟ್‌ಗಟ್ಟಲೆ ಕುಡಿಸಿದೀವಿ,” ಎಂದರು ಕೊನೆಗೆ, ಪಿಸುದನಿಯಲ್ಲಿ. “ಈ ಪ್ರಯೋಗ ಕಸಕ್ಕೆ, ಮಾರಿಟ್. ಮೊದಲಿಂದ ಶುರು, ಬೇರೆ ಬೇರೆ ಪಂಜರ, ಒಂಚೂರೇ ಚೂರು ಔಷಧಿ.”

ಅವಳು ಕಣ್ಣೊರೆಸಿಕೊಂಡು ಪಂಜರವನ್ನು ಎತ್ತಿಕೊಂಡಳು.

“ಏಯ್, ಹಿಕ್ಕೆ ಮಾತ್ರ ಎಸೀಬೇಡ!” ಲೆನರ್ಡ್ ಕೂಗಿದರು. “ಅದ್ರಲ್ಲಿ ಔಷಧಿ ಎಷ್ಟಿದೆ ಅಂತ ಅಳೀಬೇಕು!”