ಬಳಕೆದಾರರ ತಪ್ಪು

ಸರ್ವರ್ ರಿಪೇರಿಯಲ್ಲಿ ಹದಿನೆಂಟು ವರ್ಷ ಸವೆಸಿದ ಇಂಜಿನಿಯರಿಗೆ ಕೊಳಕು ಹೊಸದೇನಲ್ಲ. ಲಕ್ಷಾಂತರ ಜನರ ಲೆಕ್ಕಪತ್ರ ಹೊತ್ತ ಯಂತ್ರಗಳನ್ನು ಜನ ಮೆಟ್ಟಿಲ ಕೆಳಗೆ, ಚಪ್ಪಲಿ ಬಿಡುವ ಮೂಲೆಯಲ್ಲಿ, ಕಕ್ಕಸಿನ ಪಕ್ಕದ ಗೂಡಿನಲ್ಲಿ ಇಟ್ಟಿದ್ದನ್ನು ಅವಳು ನೋಡಿದ್ದಳು. ಒಂದು ಕಡೆ ಫ್ಯಾನಿನೊಳಗಿಂದ ಸತ್ತ ಇಲಿಯನ್ನು ಇಕ್ಕಳದಲ್ಲಿ ಎಳೆದು ಹಾಕಿ, ಕೈ ತೊಳೆದು, ಮಧ್ಯಾಹ್ನದ ಊಟಕ್ಕೂ ಕೂತಿದ್ದಳು. ಆದರೆ ನೀರು ಪರೀಕ್ಷಿಸುವ ಆ ಲ್ಯಾಬಿನ ಹೆಸರು ಕೇಳಿದರೆ ಮಾತ್ರ ಅವಳು ಮೂಗು ಹಿಡಿದುಕೊಳ್ಳುತ್ತಿದ್ದಳು. ಅದರ ಮುಖ್ಯಸ್ಥ ಅವಳ ಅಕ್ಕನ ಗಂಡ. ಇಲ್ಲವೆನ್ನುವ ಹಾಗಿರಲಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಭಾವನ ಫೋನ್ ಬಂತು.

"ಸಾಫ್ಟ್‌ವೇರ್ ಅಲ್ಲಾಡ್ತಿಲ್ಲ. ನೀನೇ ಬಾ. ಬೇರೆ ಯಾರನ್ನೂ ಕಳಿಸ್ಬೇಡ."

ಲ್ಯಾಬಿನ ಮುಂದಿನ ಮೇಜಿನ ಮೇಲೆ ನೀರಿನ ಬಾಟಲಿಗಳು ಸಾಲುಗಟ್ಟಿ ನಿಂತಿದ್ದವು. ಅವುಗಳ ಹಿಂದೆ ಕೈ ಮಡಿಲಲ್ಲಿಟ್ಟುಕೊಂಡು ಚೀಟಿಯಮ್ಮ ಕೂತಿದ್ದಳು. ಬಂದ ಬಾಟಲಿಯ ವಿವರ ಕಂಪ್ಯೂಟರಿಗೆ ಹಾಕಿ, ಹೊರಬಂದ ಸಂಖ್ಯೆಯ ಚೀಟಿಯನ್ನು ಬಾಟಲಿಗೆ ಅಂಟಿಸುವುದು ಇಪ್ಪತ್ತಾರು ವರ್ಷಗಳಿಂದ ಅವಳ ಕೆಲಸ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಚೀಟಿ ಒಂದಿಷ್ಟೂ ಸೊಟ್ಟಗಾಗದ ಹಾಗೆ ಅಂಟಿಸುತ್ತಾಳೆಂದು ಒಂದು ಕಾಲದಲ್ಲಿ ಪ್ರೀತಿಯಿಂದ ಇಟ್ಟ ಹೆಸರು ಅದು. ಈಚೆಗೆ ಅದನ್ನು ಹೇಳುವವರ ತುಟಿಯಂಚಿನಲ್ಲಿ ನಗು ಸೇರಿಕೊಂಡಿತ್ತು.

"ನಾನೇನೂ ಮುಟ್ಟಿಲ್ಲ ಮೇಡಂ," ಎಂದಳು ಅವಳು, ಯಾರೂ ಏನೂ ಕೇಳುವ ಮೊದಲೇ.

"ಮುಟ್ಟಿದ್ರೆ ಹಾಳಾಗೋ ಕಂಪ್ಯೂಟರ್ ಇಟ್ಕೊಂಡ್ರೆ ಅದು ಇಟ್ಕೊಂಡವರ ತಪ್ಪು," ಎಂದು ಇಂಜಿನಿಯರ್ ನಕ್ಕಳು. ಚೀಟಿಯಮ್ಮ ನಗಲಿಲ್ಲ.

ಸರ್ವರ್ ಕೋಣೆ ಬಾಟಲಿ ತೊಳೆಯುವ ಜಾಗದ ಪಕ್ಕದಲ್ಲಿತ್ತು. ಬಾಗಿಲು ತೆಗೆದ ಕೂಡಲೇ ಹಳಸಿದ ನೀರಿನ ಬೆಚ್ಚಗಿನ ನಾತ ಮುಖಕ್ಕೆ ರಾಚಿತು. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್ಟಿನಲ್ಲಿ ಹಸಿರು ಕೆನೆ ಕಟ್ಟಿತ್ತು. ಸರ್ವರಿನ ತಲೆಯ ಮೇಲೆ ಯಾರೋ ಇಟ್ಟು ಮರೆತ ಮೂರು ಟೀ ಲೋಟಗಳಲ್ಲಿ ಬೂದುಬಣ್ಣದ ಬೂಷ್ಟು ತುಪ್ಪಟದಂತೆ ಎದ್ದಿತ್ತು. ಮುಂಭಾಗದ ಜಾಲರಿಯಿಂದ ಧೂಳು ಕಂಬಳಿಯ ಹಾಗೆ ಒಂದೇ ತುಂಡಾಗಿ ಕಿತ್ತುಬಂತು. ಅದರೊಳಗಿಂದ ಎರಡು ಜಿರಳೆ ಅವಳ ಮಣಿಕಟ್ಟಿನ ಮೇಲೆ ಹಾದು ಕೆಳಗಿಳಿದವು. ಜನ ಕುಡಿಯುವ ನೀರು ಶುದ್ಧವೋ ಅಲ್ಲವೋ ಎಂದು ಹೇಳುವ ಜಾಗ ಇದು. ಕರವಸ್ತ್ರವನ್ನು ಮೂಗಿಗೆ ಬಿಗಿದುಕೊಂಡು ಅವಳು ಕೆಲಸಕ್ಕೆ ಕೂತಳು.

ಆ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಐದು ಯಂತ್ರಗಳಿದ್ದವು. ಕೈಗೆ ಸಿಗುವಂಥವಲ್ಲ, ವರ್ಚುವಲ್ ಯಂತ್ರಗಳು. ಒಂದೇ ಮನೆಯಲ್ಲಿ ಗೋಡೆ ಹಾಕಿಕೊಂಡು ಐದು ಸಂಸಾರ ನಡೆಸಿದಂತೆ, ಒಂದಕ್ಕೆ ಇನ್ನೊಂದರ ಸುದ್ದಿ ಬೇಕಿಲ್ಲ. ಮೂರು ವರ್ಷದ ಹಿಂದೆ ಅದನ್ನೆಲ್ಲ ಕಟ್ಟಿಕೊಟ್ಟವಳು ಅವಳೇ. ಅವುಗಳಲ್ಲೊಂದರ ಮೇಲೆ ಲ್ಯಾಬಿನ ತಂತ್ರಾಂಶ ನಡೆಯುತ್ತಿತ್ತು. ಅದು ಈಗ ಉಸಿರು ಹಿಡಿದು ನಿಂತಿತ್ತು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗ ಉಳಿದಿರಲಿಲ್ಲ.

ಅವಳು ಯಾರೂ ಬಳಸದ ಹಳೆಯ ಯಂತ್ರವೊಂದನ್ನು ತಾನು ತಂದಿದ್ದ ಡಿಸ್ಕಿಗೆ ಸಾಗಿಸಿ ಜಾಗ ಮಾಡಿದಳು. ನಿಂತ ಯಂತ್ರ ಮೆಲ್ಲಗೆ ಎದ್ದಿತು. ಹೊರಗೆ ಚೀಟಿ ಮುದ್ರಿಸುವ ಯಂತ್ರ ಕಿರ್ರೆಂದ ಸದ್ದು ಕೇಳಿಸಿತು. ಅಲ್ಲಿಗೆ ಎದ್ದು ಬರಬಹುದಿತ್ತು. ಆದರೆ ಇಷ್ಟು ದೊಡ್ಡ ಡಿಸ್ಕನ್ನು ತಿಂದದ್ದು ಯಾವುದು ಎಂದು ನೋಡದೆ ಏಳುವ ಜಾಯಮಾನ ಅವಳದಲ್ಲ.

ತಿಂದದ್ದು ಸ್ನ್ಯಾಪ್‌ಶಾಟ್‌ಗಳು. ಯಂತ್ರ ಒಂದು ಗಳಿಗೆಯಲ್ಲಿ ಹೇಗಿತ್ತೋ ಹಾಗೇ ಹಿಡಿದಿಡುವ ಫೋಟೋ ಅದು. ಹೊಸದೇನಾದರೂ ಹಾಕುವ ಮೊದಲು ತೆಗೆದಿಟ್ಟುಕೊಂಡು, ಎಡವಟ್ಟಾದರೆ ಯಂತ್ರವನ್ನು ಆ ಗಳಿಗೆಗೇ ಹಿಂದಕ್ಕೆ ಒಯ್ಯಬಹುದು. ನಡುವೆ ನಡೆದದ್ದು ನಡೆದೇ ಇಲ್ಲ ಎಂಬಂತೆ. ಕೆಲಸ ಮುಗಿದ ಮೇಲೆ ಒಂದೆರಡು ದಿನದಲ್ಲಿ ಅಳಿಸಿಬಿಡಬೇಕು. ಇಲ್ಲಿ ನಲವತ್ತೇಳು ಇದ್ದವು. ಪರದೆಯ ಮೇಲೆ ಅವು ಮರದ ಹಾಗೆ ಹರಡಿಕೊಂಡಿದ್ದವು. ನಡುವೆ ಒಂದು ಕಾಂಡ, ಪಕ್ಕಕ್ಕೆ ಚಾಚಿ ಅಲ್ಲೇ ಕೊನೆಯಾದ ಇಪ್ಪತ್ತಮೂರು ಕೊಂಬೆಗಳು. ಕೊಂಬೆಯಿದೆ ಎಂದರೆ ಅಲ್ಲಿಯವರೆಗೆ ಹೋದ ಯಂತ್ರವನ್ನು ಯಾರೋ ಹಿಂದಕ್ಕೆಳೆದು ಬೇರೆ ದಾರಿ ಹಿಡಿಸಿದ್ದಾರೆ ಎಂದರ್ಥ.

ದಾಖಲೆ ತೆಗೆದು ನೋಡಿದಳು. ಹನ್ನೊಂದು ತಿಂಗಳಲ್ಲಿ ಇಪ್ಪತ್ತಮೂರು ಸಲ ಯಂತ್ರ ಹಿಂದಕ್ಕೆ ಹೋಗಿತ್ತು. ಎಲ್ಲವೂ ಸಂಜೆ ನಾಲ್ಕರಿಂದ ಐದರೊಳಗೆ. ಎಲ್ಲವೂ ಭಾವನ ಖಾತೆಯಿಂದ.

ಅವಳು ದಿನಾಂಕಗಳನ್ನು ಇನ್ನೊಮ್ಮೆ ನೋಡಿದಳು. ಏಕೆಂದರೆ ಆ ಹನ್ನೊಂದು ತಿಂಗಳಲ್ಲಿ ಈ ಲ್ಯಾಬಿನಿಂದ ಅವಳ ಕಂಪನಿಗೆ ಮೂರು ದೂರು ಬಂದಿದ್ದವು. ಮೂರರಲ್ಲೂ ಒಂದೇ ಮಾತು: ಸ್ವೀಕಾರ ವಿಭಾಗದಲ್ಲಿ ನಮೂದಿಸಿದ ವಿವರಗಳು ಕಾಣೆಯಾಗುತ್ತಿವೆ, ಒಂದೇ ಸಂಖ್ಯೆ ಎರಡು ಬಾಟಲಿಗೆ ಬರುತ್ತಿದೆ. ಮೂರಕ್ಕೂ ಅವಳು ಕೂತಲ್ಲಿಂದಲೇ, ಯಂತ್ರ ತೆರೆದು ನೋಡುವ ಗೋಜಿಗೆ ಹೋಗದೆ, ಉತ್ತರ ಬರೆದಿದ್ದಳು: ತಂತ್ರಾಂಶದಲ್ಲಿ ದೋಷವಿಲ್ಲ, ಬಳಕೆದಾರರ ತಪ್ಪು.

ಹೊರಗೆ ಬಂದಾಗ ಚೀಟಿಯಮ್ಮ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಒಂದೊಂದು ಸಂಖ್ಯೆಯನ್ನೂ ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅಂಗೈ ತುಂಬಿ ಬರಹ ಮೊಣಕೈವರೆಗೆ ಏರಿತ್ತು.

"ಇದೇನಮ್ಮ ಇದು?"

"ನಂಗೆ ಮರೆವು ಮೇಡಂ. ಹಾಕಿದೀನಿ ಅನ್ಕೋತೀನಿ, ಹಾಕಿರಲ್ಲ. ನಿಮ್ಮ ಕಂಪನಿಯವರೂ ಬರೆದುಕೊಟ್ರಂತೆ, ಕಂಪ್ಯೂಟರ್ ಸರಿ ಇದೆ ಅಂತ. ಸರ್ ಮೂರು ಮೆಮೊ ಕೊಟ್ರು. ಡಾಕ್ಟ್ರ ಹತ್ರ ಕಳಿಸಿದ್ದೂ ಅವರೇ, ಪಾಪ. ಮಾತ್ರೆ ತಗೋತಿದೀನಿ. ಬಾಯೆಲ್ಲ ಒಣಗುತ್ತೆ, ತಲೆ ದಿಮ್ಮೆನ್ನುತ್ತೆ." ದನಿ ತಗ್ಗಿಸಿದಳು. "ಮನೇಲಿ ಒಲೆ ಹಚ್ಚೋದು ಬಿಟ್ಟಿದೀನಿ. ಸೊಸೆ ಮಗೂನ ನನ್ ಹತ್ರ ಬಿಡಲ್ಲ. ತಪ್ಪೇನಿದೆ ಹೇಳಿ, ನಾನಾಗಿದ್ರೂ ಬಿಡ್ತಿರಲಿಲ್ಲ. ತಿಂಗಳ ಕೊನೆಗೆ ನನ್ನನ್ನ ಗೋದಾಮಿಗೆ ಹಾಕ್ತಾರೆ."

ಇಂಜಿನಿಯರಿಗೆ ಆ ಪೆನ್ನಿನ ಗೀಟುಗಳಿಂದ ಕಣ್ಣು ಕೀಳಲಾಗಲಿಲ್ಲ. ಕೆಲವನ್ನು ಒರೆಸಿ ಮತ್ತೆ ಬರೆದಿದ್ದರಿಂದ ಚರ್ಮ ಕೆಂಪಾಗಿತ್ತು. ಅವಳು ತಿರುಗಿ ಸರ್ವರ್ ಕೋಣೆಗೆ ಹೋದಳು.

ಒಂದು ಕೊಂಬೆ ಆರಿಸಿ, ಅದರಿಂದ ಬೇರೊಂದು ಯಂತ್ರ ಮಾಡಿ, ಹೊರಗಿನ ಜಾಲ ಸೋಕದ ಹಾಗೆ ಕಟ್ಟಿಹಾಕಿ, ಚಾಲೂ ಮಾಡಿದಳು. ಅಳಿಸಿಹೋದ ಒಂದು ಮಂಗಳವಾರ ಎದ್ದು ಕೂತಿತು. ಬೆಳಗ್ಗೆ ಹತ್ತು ನಲವತ್ತಕ್ಕೆ ಚೀಟಿಯಮ್ಮ ಹದಿನಾಲ್ಕು ಬಾಟಲಿಗಳ ವಿವರ ಹಾಕಿದ್ದಳು, ಒಂದು ಅಕ್ಷರವೂ ತಪ್ಪಿಲ್ಲದೆ. ಮಧ್ಯಾಹ್ನ ಪರೀಕ್ಷಕ ಹಿಂದಿನ ದಿನದ ಬಾಟಲಿಗಳ ಫಲಿತಾಂಶ ಬರೆದಿದ್ದ. ಅದರಲ್ಲೊಂದು ಸಾಲು ಕೆಂಪಗಿತ್ತು. ಶಾಲೆಯೊಂದರ ತೊಟ್ಟಿಯ ನೀರು. ಚರಂಡಿ ಬೆರೆತಿದೆ, ಕುಡಿಯಲು ಯೋಗ್ಯವಲ್ಲ.

ಈಗ ನಡೆಯುತ್ತಿರುವ ಯಂತ್ರದಲ್ಲಿ ಅದೇ ತೊಟ್ಟಿಯನ್ನು ಹುಡುಕಿದಳು. ಬುಧವಾರ ಪರೀಕ್ಷಿಸಲಾಗಿದೆ, ಶುದ್ಧವಿದೆ.

ಫಲಿತಾಂಶವನ್ನು ತಿದ್ದಿದರೆ ಯಾರು, ಯಾವಾಗ ತಿದ್ದಿದರೆಂದು ತಂತ್ರಾಂಶ ಬರೆದಿಡುತ್ತಿತ್ತು. ಅದಕ್ಕೇ ಭಾವ ತಿದ್ದುವ ಉಸಾಬರಿಗೆ ಹೋಗದೆ ದಿನವನ್ನೇ ಕಿತ್ತೆಸೆದಿದ್ದ. ಪರೀಕ್ಷಕ ತೆಪ್ಪಗೆ ಬಾಯಿ ಮುಚ್ಚಿಕೊಂಡು ಬೇರೆ ಬಾಟಲಿಯ ಫಲಿತಾಂಶ ಬರೆದಿದ್ದ. ಹಿಂದಕ್ಕೆ ಹೋದ ಯಂತ್ರ ಅದೇ ಸಂಖ್ಯೆಗಳನ್ನು ಮತ್ತೆ ಹೊಸ ಬಾಟಲಿಗಳಿಗೆ ಕೊಟ್ಟಿತ್ತು. ಚೀಟಿಯಮ್ಮನ ಬೆಳಗು ಮಾತ್ರ ಯಾರಿಗೂ ಬೇಡದ ಸಿಪ್ಪೆಯಂತೆ ಆ ದಿನದ ಜೊತೆ ತಿಪ್ಪೆಗೆ ಹೋಗಿತ್ತು. ಇಪ್ಪತ್ತಮೂರು ಸಲ.

ಭಾವನ ಕೋಣೆ ಕನ್ನಡಿಯಂತೆ ಹೊಳೆಯುತ್ತಿತ್ತು. ಸಾಬೂನಿನ ಪರಿಮಳ. ಅವನು ಕೈಗೆ ದ್ರಾವಣ ಹಚ್ಚಿ ಬೆರಳ ಸಂದಿಯನ್ನು ಒಂದೊಂದಾಗಿ ತಿಕ್ಕಿಕೊಳ್ಳುತ್ತಿದ್ದ. ಮನೆಯಲ್ಲೂ ಅವನಿಗೆ ಅದೇ ಚಾಳಿ. ಇನ್ನೊಬ್ಬರು ಕುಡಿದ ಲೋಟ ಮುಟ್ಟುವವನಲ್ಲ.

"ಸರಿ ಹೋಯ್ತಾ?"

"ಸ್ನ್ಯಾಪ್‌ಶಾಟ್ ತುಂಬ್ಕೊಂಡಿದ್ವು ಭಾವ. ನಲವತ್ತೇಳು."

"ಹಾಗಾದ್ರೆ ಅಳಿಸು." ಅವನು ತಲೆಯೆತ್ತಲಿಲ್ಲ. "ನೀನೇ ಹೇಳ್ತಿದ್ಯಲ್ಲ, ಹಳೇದು ಇಟ್ಕೋಬಾರ್ದು ಅಂತ."

ಹೇಳಿದ್ದು ನಿಜ. ಮೂರು ವರ್ಷದ ಹಿಂದೆ ಇದೇ ಕುರ್ಚಿಯ ಪಕ್ಕ ನಿಂತು, ಎಲ್ಲಿ ಒತ್ತಿದರೆ ಫೋಟೋ, ಎಲ್ಲಿ ಒತ್ತಿದರೆ ಹಿಂದಕ್ಕೆ ಎಂದು ತೋರಿಸಿಕೊಟ್ಟವಳು ಅವಳೇ. ಹಿಂದಕ್ಕೆ ಹೋಗುವ ಮೊದಲು ಇರುವುದರದ್ದೊಂದು ಫೋಟೋ ತೆಗೆದಿಡಿ, ಕೈಮೀರಿ ಏನಾದರೂ ಆದರೆ ಬೇಕಾಗುತ್ತದೆ ಎಂದೂ ಹೇಳಿದ್ದಳು. ಪುಕ್ಕಲು ಮನುಷ್ಯ ಆ ಮಾತನ್ನು ಒಂದು ಸಲವೂ ತಪ್ಪಿಸಿರಲಿಲ್ಲ. ಹಾಗಾಗಿಯೇ ಕಿತ್ತೆಸೆದ ದಿನಗಳೆಲ್ಲ ಹಾಗೇ ಉಳಿದಿದ್ದವು. ಅವುಗಳನ್ನು ಅಳಿಸುವುದೇ ಈ ರಿಪೇರಿಯ ಸರಿಯಾದ ಕ್ರಮವೂ ಆಗಿತ್ತು. ಯಾರು ಬಂದರೂ ಅದನ್ನೇ ಮಾಡುತ್ತಿದ್ದರು. ಅದು ಅವನಿಗೂ ಗೊತ್ತಿತ್ತು.

"ಒಂದು ತೆಗೆದು ನೋಡಿದೆ," ಎಂದಳು. "ಶಾಲೆ ತೊಟ್ಟಿ."

ತಿಕ್ಕುತ್ತಿದ್ದ ಕೈ ನಿಂತಿತು. "ಬಾಗಿಲು ಹಾಕು."

ಅವಳು ಹಾಕಲಿಲ್ಲ.

"ನೋಡಮ್ಮ, ನೀರು ಪೂರೈಸೋ ಕಂಪನಿಯವರಿಗೆ ನಾನು ಬಾಯಲ್ಲಿ ಹೇಳ್ತೀನಿ. ಅವ್ರು ಔಷಧ ಹಾಕಿ ಸರಿ ಮಾಡ್ತಾರೆ. ಕೆಂಪು ವರದಿ ಹೊರಗೆ ಹೋದ್ರೆ ಊರೆಲ್ಲ ಗುಲ್ಲು. ಸುಮ್ನೆ ಜನರನ್ನ ಯಾಕೆ ಹೆದರಿಸ್ಬೇಕು?"

"ಚೀಟಿಯಮ್ಮ?"

"ಅವ್ಳಿಗೆ ಹೇಗಿದ್ರೂ ವಯಸ್ಸಾಯ್ತು. ಇವತ್ತಲ್ಲ ನಾಳೆ ಮರೆವು ಬರೋದೇ." ಅವನು ಮೃದುವಾಗಿ, ಮನೆಯ ಮಾತಾಡುವವನಂತೆ ನಕ್ಕ. "ಅಲ್ಲದೆ ಬಳಕೆದಾರರ ತಪ್ಪು ಅಂತ ಬರೆದುಕೊಟ್ಟಿದ್ದು ನೀನಲ್ವಾ? ಮೂರೂ ಕಾಗದ ಅವಳ ಫೈಲಿನಲ್ಲಿ ಭದ್ರವಾಗಿವೆ. ನಿನ್ನಕ್ಕನ ಬಗ್ಗೆಯಾದ್ರೂ ಯೋಚನೆ ಮಾಡು."

ಅವಳಿಗೆ ವಾಕರಿಕೆ ಬಂತು. ಹಸಿರು ಕೆನೆಯ ಬಕೆಟ್ಟನ್ನು, ಜಿರಳೆಯನ್ನು ಸಹಿಸಿದ ಹೊಟ್ಟೆ ಈ ಸಾಬೂನಿನ ಪರಿಮಳಕ್ಕೆ ತಡೆಯಲಿಲ್ಲ. ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು, ಅವನ ನಗುವಿನಲ್ಲಿ ತನಗೂ ಒಂದು ಪಾಲಿದೆ ಎಂಬುದು.

ಅವಳು ಚೀಟಿಯಮ್ಮನನ್ನು ಸರ್ವರ್ ಕೋಣೆಗೆ ಕರೆದುಕೊಂಡು ಹೋದಳು. ಇದ್ದ ಒಂದೇ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಪರದೆ ತೋರಿಸಿದಳು. ಮೊದಲು ಆ ಮಂಗಳವಾರ. ಆಮೇಲೆ ಇನ್ನೊಂದು ದಿನ, ಮತ್ತೊಂದು ದಿನ. ಏನಾಗಿದೆ, ಯಾರು ಮಾಡಿದ್ದು ಎಂದು ಸುತ್ತಿಬಳಸದೆ ಹೇಳಿದಳು. ಚೀಟಿಯಮ್ಮ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದಳು.

"ಹಾಗಾದ್ರೆ ಒಲೆ?" ಎಂದು ಕೇಳಿದಳು.

"ಯಾವ ಒಲೆ ಅಮ್ಮ?"

"ಆರಿಸಿಲ್ಲ ಅಂತ ಸೊಸೆ ಅಂದ್ಲು, ಒಂದ್ಸಲ. ಆರಿಸಿದ್ದೆ ಅಂತ ನನಗೆ ಚೆನ್ನಾಗಿ ನೆನಪಿತ್ತು. ಆದ್ರೂ ಅವ್ಳು ಹೇಳಿದ್ದೇ ಇರ್ಬೇಕು ಅಂತ ಒಪ್ಕೊಂಡೆ." ಅವಳು ತನ್ನ ಅಂಗೈ ನೋಡಿಕೊಂಡಳು. "ನಾನು ಆರಿಸಿದ್ದೆ."

"ಅಮ್ಮ, ಆ ಮೂರು ಉತ್ತರ ಬರೆದವಳು ನಾನೇ. ನೋಡದೆ ಬರೆದೆ."

ಚೀಟಿಯಮ್ಮ ಎದ್ದಳು. ಇಂಜಿನಿಯರಿನ ಬಟ್ಟೆ ಸೋಕದ ಹಾಗೆ ಪಕ್ಕಕ್ಕೆ ಸರಿದು ಹೊರಗೆ ನಡೆದಳು.

ಮಧ್ಯಾಹ್ನದೊಳಗೆ ಇಪ್ಪತ್ತಮೂರು ಕೊಂಬೆಗಳೂ ಎರಡು ಡಿಸ್ಕಿಗೆ ಒಂದೊಂದು ಪ್ರತಿಯಾಗಿ ಇಳಿದವು. ಒಂದನ್ನು ಅವಳು ಲ್ಯಾಬುಗಳ ಮೇಲ್ವಿಚಾರಣೆ ನೋಡುವ ಮಂಡಳಿಯ ಅಧಿಕಾರಿಯ ಕೈಗೆ ಕೊಟ್ಟು ರಸೀತಿ ಪಡೆದಳು. ಇನ್ನೊಂದನ್ನು ತನ್ನ ಮೇಲಧಿಕಾರಿಯ ಮೇಜಿನ ಮೇಲಿಟ್ಟು, ಮೂರು ದೂರುಗಳ ವಿಷಯವನ್ನೂ ತಾನೇ ಬರೆದುಕೊಟ್ಟಳು.

ಸಂಜೆ ಅಕ್ಕನ ಫೋನ್ ಬಂತು.

"ನನ್ನ ಮನೆ ಮುರಿಯೋಕೆ ನೀನೇ ಬೇಕಾಗಿತ್ತಾ?"

"ಆ ಶಾಲೇಲಿ ಇನ್ನೂರು ಮಕ್ಕಳಿದಾರೆ ಅಕ್ಕ."

"ನಂಗೂ ಮಕ್ಕಳಿದಾರೆ. ಇನ್ಮೇಲೆ ನಮ್ಮ ಮನೆ ಹೊಸ್ತಿಲು ತುಳೀಬೇಡ." ಫೋನ್ ಇಟ್ಟ ಅಕ್ಕ ಆಮೇಲೆ ಅವಳೊಡನೆ ಮಾತಾಡಲಿಲ್ಲ.

ವಿಚಾರಣೆ ಎರಡು ತಿಂಗಳು ನಡೆಯಿತು. ಶಾಲೆಯ ತೊಟ್ಟಿಗೆ ಬೀಗ ಬಿತ್ತು. ಭಾವನ ಕೆಲಸ ಹೋಯಿತು. ಪರೀಕ್ಷಕ ತನಗೇನೂ ಗೊತ್ತಿರಲಿಲ್ಲವೆಂದು ಅತ್ತು ಉಳಿದುಕೊಂಡ. ಇಂಜಿನಿಯರಿಗೆ ಕಂಪನಿ ಎಚ್ಚರಿಕೆಯ ಪತ್ರ ಕೊಟ್ಟು, ದೂರು ನೋಡುವ ಕೆಲಸದಿಂದ ಬಿಡಿಸಿತು. ಅವಳು ತಕರಾರು ಮಾಡಲಿಲ್ಲ. ಚೀಟಿಯಮ್ಮ ಮಾತ್ರ ಪರದೆ ನೋಡಿದ ದಿನ ಸಂಜೆ ಮನೆಗೆ ಹೋದವಳು ಮತ್ತೆ ಆ ಮೇಜಿಗೆ ಬರಲೇ ಇಲ್ಲ. ಮೆಮೊಗಳನ್ನು ಹಿಂಪಡೆದ ಲ್ಯಾಬಿನ ಪತ್ರವನ್ನು ಕೈಯಾರೆ ಮುಟ್ಟಿಸುತ್ತೇನೆಂದು ಇಂಜಿನಿಯರ್ ಕೇಳಿ ಪಡೆದು, ಒಂದು ಭಾನುವಾರ ಬೆಳಗ್ಗೆ ಅವಳ ಮನೆಗೆ ಹೋದಳು.

ಬಾಗಿಲು ತೆಗೆದದ್ದು ಸೊಸೆ. ಸೊಂಟದ ಮೇಲೆ ಒಂದೂವರೆ ವರ್ಷದ ಹೆಣ್ಣುಮಗು. ಚೀಟಿಯಮ್ಮ ಕಿಟಕಿಯ ಹತ್ತಿರ ಕೂತು ಪತ್ರವನ್ನು ಬಿಡಿಸಿ, ನಿಧಾನವಾಗಿ ಓದಿ, ಮತ್ತೆ ಮಡಿಸಿದಳು.

"ತಾಂತ್ರಿಕ ದೋಷದಿಂದ ಉಂಟಾದ ತಪ್ಪು ತಿಳಿವಳಿಕೆ ಅಂತ ಬರೆದಿದಾರೆ," ಎಂದಳು. "ಯಾವ ದೋಷ ಮೇಡಂ?"

ಇಂಜಿನಿಯರ್ ಪತ್ರ ಇಸಿದುಕೊಂಡು ನೋಡಿದಳು. ನಾಲ್ಕೇ ಸಾಲು. ಹಿಂದಕ್ಕೆ ಹೋದ ದಿನಗಳ ಸುದ್ದಿಯಿಲ್ಲ, ಮಾಡಿದವನ ಸುದ್ದಿಯಿಲ್ಲ. ಈಗ ತಪ್ಪೆಲ್ಲ ಯಂತ್ರದ ಮೇಲೆ. ಆ ಸಾಬೂನಿನ ವಾಸನೆ ಮತ್ತೆ ಮೂಗಿಗೆ ಅಡರಿದ ಹಾಗಾಯಿತು.

"ಒಂದು ಹಾಳೆ ಕೊಡ್ತೀರಾ?" ಎಂದು ಸೊಸೆಯನ್ನು ಕೇಳಿದಳು.

ನೆಲದ ಮೇಲೆ ಕೂತು ಬರೆದಳು. ಯಾವ ಯಾವ ದಿನ ಚೀಟಿಯಮ್ಮ ಏನೇನು ನಮೂದಿಸಿದ್ದಳು, ಅದನ್ನು ಯಾರು ಅಳಿಸಿದರು, ದೂರು ಬಂದಾಗ ತಾನು ಮೂರು ಸಲ ನೋಡದೆ ಏನು ಬರೆದೆ. ಈ ಹೆಂಗಸು ಏನನ್ನೂ ಮರೆತಿರಲಿಲ್ಲ ಎಂದು ಕೊನೆಗೆ ಬರೆದು, ಸಹಿ ಹಾಕಿ, ಹಾಳೆಯನ್ನು ಚೀಟಿಯಮ್ಮನಿಗೆ ಕೊಟ್ಟಳು. ಚೀಟಿಯಮ್ಮ ಅದನ್ನು ಓದಲಿಲ್ಲ. ಸೊಸೆಯ ಕಡೆ ಚಾಚಿದಳು.

"ನೀನು ಓದು."

ಸೊಸೆ ಮಗುವನ್ನು ಕೆಳಗಿಳಿಸಿ ಓದಿದಳು. ಓದುತ್ತ ಓದುತ್ತ ಅವಳ ದನಿ ಕುಗ್ಗಿ, ಕೊನೆಯ ಸಾಲು ತುಟಿಯಲ್ಲೇ ಉಳಿಯಿತು. ಮಗು ಪುಟ್ಟ ಹೆಜ್ಜೆಯಿಡುತ್ತ ಹೋಗಿ ಅಜ್ಜಿಯ ಕಾಲು ಹಿಡಿದುಕೊಂಡಿತು. ಚೀಟಿಯಮ್ಮ ಅದನ್ನು ಎತ್ತಿಕೊಳ್ಳಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಓದು," ಎಂದಳು. "ಸ್ವಲ್ಪ ಗಟ್ಟಿಯಾಗಿ."